ಗೋಡೆಯ ಮೇಲಿನ ಎದೆಗೂಡು

ರಾಮತೀರ್ಥ ನಗರ, ಬೆಳಗಾವಿ
ರವಿವಾರ, ೭ ಸೆಪ್ಟೆಂಬರ್ ೨೦೨೫

ಪ್ರೀತಿಯ ತಮ್ಮ ಬಾಳೇಶನಿಗೆ ಅಕ್ಕ ಪದ್ಮವ್ವಳ ಆಶೀರ್ವಾದ.

ಇಲ್ಲಿ ನಾನೂ ನಮ್ಮ ಯಜಮಾನರೂ ಆರಾಮವಾಗಿದ್ದೇವೆ. ಖಾನಾಪುರದಲ್ಲಿ ನೀನು, ಚಂದ್ರವ್ವ, ಮಕ್ಕಳು ಹೇಗಿದ್ದೀರಿ ಎಂದು ಕೇಳುವುದು ವಾಡಿಕೆ. ಈ ಸಲ ಆ ಪ್ರಶ್ನೆ ಬರೆಯಲು ಕೈ ಏಳುತ್ತಿಲ್ಲ. ಎರಡು ವಾರದಿಂದ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿರುವಾಗ ಇದೇನು ಪತ್ರವೆಂದು ನಗಲೂ ಬೇಡ. ಫೋನು ಮಾಡಿದರೆ ನೀನು ‘ಆರಾಮ ಅದೀನಿ, ತಗೋ, ಈಕಿ ಕೂಡ ಮಾತಾಡು’ ಎಂದು ಚಂದ್ರವ್ವನ ಕೈಗೆ ಕೊಟ್ಟುಬಿಡುತ್ತೀ. ಇದು ಹಾಗೆ ಕೈ ಬದಲಾಯಿಸುವ ಮಾತಲ್ಲ. ಇನ್ನೊಂದು ವಿಷಯ. ಬರೆಯುತ್ತಿದ್ದೇನೆ ನಿಜ, ಆದರೆ ಇದನ್ನು ಇವತ್ತೇ ಅಂಚೆಗೆ ಹಾಕುವ ಹಕ್ಕು ನನಗಿಲ್ಲ. ಯಾಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಗಣಪತಿ ಕಳಿಸುವ ಮೆರವಣಿಗೆ ನಿನ್ನೆ ಶುರುವಾದದ್ದು ಇನ್ನೂ ಮುಗಿದಿಲ್ಲ. ಡೋಲಿನ ಸದ್ದು ಇಲ್ಲಿಯತನಕ ಬರುತ್ತಿದೆ. ನಮ್ಮ ಯಜಮಾನರು ಕಿವಿಗೆ ಹತ್ತಿ ತುರುಕಿಕೊಂಡು ಪೇಪರು ಓದುತ್ತಿದ್ದಾರೆ. ಊರೆಲ್ಲ ಕುಣಿಯುವಾಗ ನಾನು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರವಿಕೊಂಡಿದ್ದೇನೆ.

ವಿಶ್ವವಿದ್ಯಾಲಯದವರು ಕಾರ್ಮಿಕರ ಆರೋಗ್ಯಕ್ಕೆಂದು ಒಂದು ಸಂಶೋಧನಾ ಸಂಸ್ಥೆ ತೆರೆದಿದ್ದಾರೆ, ಅದರ ಸಲಹಾ ಮಂಡಳಿಗೆ ನನ್ನನ್ನು ತೆಗೆದುಕೊಂಡಿದ್ದಾರೆ ಎಂದು ಪಂಚಮಿಯಲ್ಲಿ ನಿನಗೆ ಹೇಳಿದ್ದೆ. ‘ಛಲೋ ಆತು ಬಿಡು’ ಎಂದಷ್ಟೇ ನೀನು ಅಂದೆ. ಆ ಸಂಸ್ಥೆಯ ನಿರ್ದೇಶಕಿ ಡಾಕ್ಟರ್ ಸಮೃದ್ಧಿ. ನಿನಗಿಂತ ಚಿಕ್ಕವಳು. ದೇಶ ವಿದೇಶ ಸುತ್ತಿ ಕಲಿತು ಬಂದಿದ್ದಾಳೆ, ಮಾತು ಮಾತ್ರ ಇನ್ನೂ ಗೋಕಾಕದ್ದೇ.

ಮೊದಲ ಸಭೆ ಜೂನ್ ತಿಂಗಳಲ್ಲಿ ನಡೆಯಿತು. ಸಲಹೆಗಾರರ ಪರಿಚಯದ ಸಣ್ಣ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಬೇಕೆಂಬುದು ಅವಳ ಆಸೆ. ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, “ನಿಮ್ಮ ಕಸುಬಿನ ಹಿನ್ನೆಲೆ ನೀವ ಹೇಳ್ರಿ, ನಾ ಬರ್ಕೋತೀನಿ. ಡಿಗ್ರಿ ಬ್ಯಾಡ. ಏನ್ ನೋಡ್ಕೋತ ವಯಸ್ಸಾತು, ಅದನ್ನ ಹೇಳ್ರಿ” ಅಂದಳು.

ಅಧ್ಯಕ್ಷರು ಗುರುಪುತ್ರಪ್ಪನವರು. ಕಾರ್ಮಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. “ಕೆಲಸಾ ಕಳಕೊಂಡಾವ್ರ ಕಣ್ಣೀರು ಭಾಳ ನೋಡೀನ್ರಿ. ಆದ್ರ ಕಣ್ಣೀರಿಗಿ ತೀರ್ಪು ಕೊಡಾಕ ಬರೂದಿಲ್ಲ. ಬರದದ್ದಕ್ಕ ಕೊಡಬೇಕಾಗ್ತದ” ಅಂದರು. ಅವರ ಬಾಜು ಉಳವಪ್ಪನವರು, ಕೃಷಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. “ನಂದು ಜ್ವಾಳದ ತೆನಿ ಎಣಸೂ ಕೆಲಸರಿ. ಒಂದೊಂದು ತೆನಿಗೂ ಯಾಕ ಒಣಗಿದಿ ಅಂತ ಕೇಳ್ಕೋತ ಕುಂತ್ರ ಲೆಕ್ಕ ಮುಗಿಯೂದಿಲ್ಲ” ಎಂದು ನಕ್ಕರು. ಮೂರನೆಯವರು ಭರಮಪ್ಪನವರು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಸ್ವಂತ ಫೌಂಡ್ರಿ ಇದೆ, ಮಾಲಕರ ಸಂಘಕ್ಕೆ ಹಿಂದೆ ಅಧ್ಯಕ್ಷರಾಗಿದ್ದರು. ಅವರು ಹೇಳಿದ್ದು ಇಷ್ಟೇ: “ನಮ್ಮಪ್ಪ ಭಟ್ಟಿ ಹಾಕಿದ್ದ. ಸಾಲಿ ಬಿಟ್ಟು ನಾ ಅದರ ಮುಂದ ನಿಂತೆ. ಈಗ ಖುರ್ಚಿ ಮ್ಯಾಲ ಕುಂತೀನಿ.” ನಾಲ್ಕನೆಯವಳು ನಾನು. ಎದೆರೋಗದ ಡಾಕ್ಟರು, ಸರ್ಕಾರಿ ದವಾಖಾನೆಯಲ್ಲಿ ಸೇವೆ ಮುಗಿಸಿದವಳು ಎಂದು ಬರೆಸಿದೆ.

ಕೊನೆಗೆ ಗುರುಪುತ್ರಪ್ಪನವರು ಕೇಳಿದರು: “ನಾವು ಫೌಂಡ್ರಿ ಕೆಲಸಗಾರರ ಎದಿ ತಪಾಸಣಿ ಮಾಡಸಾಕತ್ತೀವಿ. ಇಲ್ಲಿ ಕುಂತಾವ್ರ ಹತ್ತಿರದವರು ಯಾರರ ಅದರಾಗ ಅದಾರೇನು? ಇದ್ದ್ರ ಈಗ ಹೇಳಿಬಿಡ್ರಿ.” ಭರಮಪ್ಪನವರು ತಮ್ಮ ಫೌಂಡ್ರಿಯನ್ನು ಈ ಅಧ್ಯಯನದಿಂದ ಹೊರಗಿಟ್ಟಿದ್ದಾರೆ, ಅದಕ್ಕೇ ತಾವು ಇಲ್ಲಿ ಕೂತಿದ್ದಾಗಿ ಹೇಳಿದರು. ನಾನು, “ನನ್ನ ತಮ್ಮ ಫೌಂಡ್ರಿಯಾಗ ಇದ್ದರಿ, ಹೋದ ವರ್ಷ ಬಿಟ್ಟಾನ. ಖಾನಾಪುರದಾಗ ಹಂಚಿನ ಡಿಪೋದಾಗ ಅದಾನ” ಅಂದೆ. ನೀನು ನನಗೆ ಹೇಳಿದ್ದನ್ನೇ ಹೇಳಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಈಗ ಎರಡನೆಯ ಸಭೆಗೆ ಬರುತ್ತೇನೆ. ಅದು ಗಣಪತಿ ಕೂರುವುದಕ್ಕಿಂತ ಒಂದು ವಾರ ಮೊದಲು. ಮಳೆಗಾಲ ಶುರುವಾಗುವ ಮುಂಚೆ ಎಕ್ಸ್‌ರೇ ಗಾಡಿ ಫೌಂಡ್ರಿಯಿಂದ ಫೌಂಡ್ರಿಗೆ ಹೋಗಿ ತೆಗೆದ ಚಿತ್ರಗಳು ಬಂದಿದ್ದವು. ಸಮೃದ್ಧಿ ದೀಪ ಆರಿಸಿ ಒಂದೊಂದನ್ನೇ ಗೋಡೆಯ ಮೇಲೆ ಬಿಟ್ಟಳು. ಹೆಸರಿಲ್ಲ, ಊರಿಲ್ಲ, ಮೂಲೆಯಲ್ಲಿ ಒಂದು ನಂಬರು ಮಾತ್ರ. ಕೆಲವು ಎದೆಗಳು ಚೊಕ್ಕವಾಗಿದ್ದವು. ಕೆಲವುಗಳಲ್ಲಿ ಮೇಲ್ಭಾಗದಲ್ಲಿ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಎರಕದ ಅಚ್ಚು ಮಾಡುವ ಮರಳಿನ ನುಣ್ಣನೆಯ ಧೂಳು ಒಳಗೆ ಹೋಗಿ ಕೂತರೆ ಹಾಗೆ ಕಾಣುತ್ತದೆ. ನಾನು ಒಂದೊಂದನ್ನೂ ನೋಡಿ ಇದು ಇಷ್ಟು, ಅದು ಅಷ್ಟು ಎಂದು ಹೇಳುತ್ತಿದ್ದೆ. ವರ್ಷಗಟ್ಟಲೆ ಮಾಡಿದ ಕೆಲಸ, ನಾಲಿಗೆಗೆ ಸಲೀಸು.

ಆಮೇಲೆ ಒಂದು ಚಿತ್ರ ಬಂತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚುಕ್ಕೆಗಳಲ್ಲ, ಎಡಗಡೆಯ ಕೊರಳೆಲುಬು. ಮುರಿದ ಎರಡು ತುಂಡು ಒಂದರ ಮೇಲೊಂದು ಹತ್ತಿ ಕೂಡಿಕೊಂಡಿದ್ದವು. ನೀನು ಹುಡುಗನಿದ್ದಾಗ ನೇರಳೆ ಮರದಿಂದ ಬಿದ್ದದ್ದು, ಅಪ್ಪ ಕುರಿ ಬಿಟ್ಟು ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ್ದು, ಎಲುಬು ಕಟ್ಟುವವರು ಬಿದಿರು ಇಟ್ಟು ಕಟ್ಟಿದ್ದು ಕಣ್ಣಿಗೆ ಕಟ್ಟಿತು. ಕೊರಳೆಲುಬು ಮುರಿದವರು ಊರಿಗೆ ಹತ್ತು ಮಂದಿ ಸಿಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಬಲಗಡೆ ನೋಡಿದೆ. ನಾಲ್ಕನೆಯ ಪಕ್ಕೆಲುಬು ಮುಂದೆ ಹೋಗಿ ಕವಲೊಡೆದಿತ್ತು. ಹುಟ್ಟಿನಿಂದ ಬಂದ ಕವಲು. ನಿನಗೆ ನ್ಯುಮೋನಿಯಾ ಆದಾಗ ನಾನೇ ಎಕ್ಸ್‌ರೇ ತೆಗೆಸಿ, ‘ದೇವ್ರು ಒಂದು ಎಲುಬು ಹೆಚ್ಚಿಗಿ ಕೊಡಾಕ ಹೋಗಿ ಅರ್ಧಕ್ಕ ಬಿಟ್ಟಾನ ನೋಡು’ ಎಂದು ನಿನ್ನನ್ನು ಕಾಡಿಸಿದ್ದೆ. ಎರಡೂ ಒಂದೇ ಎದೆಯಲ್ಲಿ ಇರುವವನು ನನಗೆ ಗೊತ್ತಿರುವಂತೆ ಒಬ್ಬನೇ.

ಗೋಡೆಯ ತುಂಬ ನಿನ್ನ ಎದೆಗೂಡು ನಿಂತಿತ್ತು, ಬಾಳೇಶಾ. ಮೇಲ್ಭಾಗದಲ್ಲಿ ಎರಡೂ ಕಡೆ ಚುಕ್ಕೆಗಳಿದ್ದವು.

ಸಮೃದ್ಧಿ ಕೇಳಿದಳು, “ಇದು ಹೆಂಗ್ರಿ ಮೇಡಂ?” ನನ್ನ ಬಾಯಿಂದ ಬಂದದ್ದು ಡಾಕ್ಟರ ಮಾತೇ. “ಧೂಳಿನ ರೋಗ ಅದ. ನಡುವಿನ ಹಂತದ್ದು” ಅಂದೆ. ಅವಳು ಮುಂದಿನ ಚಿತ್ರ ಹಾಕಿದಳು.

ದೀಪ ಹಚ್ಚಿದ ಮೇಲೆ ಮುಖ್ಯ ಪ್ರಶ್ನೆ ಎದ್ದಿತು. ಎರಡು ವರ್ಷ ಬಿಟ್ಟು ಇದೇ ಮಂದಿಯ ಎಕ್ಸ್‌ರೇಯನ್ನು ಇನ್ನೊಮ್ಮೆ ತೆಗೆದು ಹೋಲಿಸಬೇಕು, ಫಲಿತಾಂಶವನ್ನು ಆಮೇಲೆಯೇ ತಿಳಿಸಬೇಕು. ಮಾಲಕರ ಸಂಘದ ಜೊತೆ ಮಂಡಳಿ ಹುಟ್ಟುವ ಮೊದಲೇ ಆದ ಒಪ್ಪಂದ ಹಾಗಿದೆ. ಸಮೃದ್ಧಿ ಮುಚ್ಚುಮರೆ ಮಾಡದೆ ಹೇಳಿದಳು: “ಒಪ್ಪಿಕೊಂಡಾಗ ಇಷ್ಟು ಮಂದಿಗಿ ಇರತದಂತ ಅನಿಸಿರಲಿಲ್ರಿ. ಈಗ ಹೇಳೂದೋ, ಆಮ್ಯಾಲ ಹೇಳೂದೋ, ನೀವು ಸಲಹಾ ಕೊಡಬೇಕು. ನನಗ ನಿದ್ದಿ ಬರವಲ್ದು.”

ನಾನು ಅಂದೆ, “ಇದಕ್ಕ ಔಷಧ ಇಲ್ರಿ. ಮರಳಿನಿಂದ ದೂರ ಸರಿಯೂದ ಔಷಧ. ಎರಡು ವರ್ಷ ಹೇಳದ ಇಟ್ಟ್ರ, ಎರಡು ವರ್ಷ ನಾವ ಕೈಯಾರೆ ಧೂಳು ಉಣಿಸಿದಂಗ ಆಗ್ತದ.”

ಭರಮಪ್ಪನವರು ಒಪ್ಪಲಿಲ್ಲ. “ಡಾಕ್ಟರ್ ಬಾಯಾರ, ಇವತ್ತ ಹೇಳಿದ್ರಿ ಅಂದ್ರ ನಾಳೆ ಅರ್ಧ ಮಂದಿ ಗಾಬರ್ಯಾಗಿ ಬಿಡ್ತಾರ. ಉಳದಾವ್ರನ್ನ ಮಾಲಕರು ಬಿಡಸ್ತಾರ. ಅವರ ಮನಿ ಒಲಿ ಹಚ್ಚಾಕ ನಾವು ಹೋಗ್ತೀವೇನ್ರಿ?” ಉಳವಪ್ಪನವರು ನಡುವೆ ಹೇಳಿದರೆ ಹೋಲಿಕೆ ಕೆಡುತ್ತದೆ, ಮುಂದೆ ಸಾವಿರಾರು ಜನಕ್ಕೆ ಉಪಯೋಗವಾಗುವ ಲೆಕ್ಕ ಹಾಳಾಗುತ್ತದೆ ಅಂದರು. ಗುರುಪುತ್ರಪ್ಪನವರು ಒಪ್ಪಂದದ ಹಾಳೆಯ ಮೇಲೆ ಕೈ ಇಟ್ಟು, “ಬರದದ್ದು ಬರದಂಗ” ಅಂದರು. ಅವರು ಕೆಟ್ಟವರಲ್ಲ. ಮೂವರೂ ತಾವು ಏನು ನೋಡುತ್ತ ವಯಸ್ಸಾದರೋ ಅದನ್ನೇ ಮಾತಾಡಿದರು. ನಿರ್ಧಾರ ಸೆಪ್ಟೆಂಬರ್ ಹತ್ತನೆಯ ತಾರೀಖಿನ ಸಭೆಗೆ ಹೋಯಿತು.

ಅದು ನಿನ್ನ ಚಿತ್ರವೆಂದು ಆ ದಿನ ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ನನ್ನ ಪಾಡು ಕೇಳಬೇಡ. ಅನ್ನ ಕಲಸಿ ಕೈ ಹಾಗೇ ಇಟ್ಟುಕೊಂಡು ಕೂರುತ್ತೇನೆ. ಆ ಚಿತ್ರ ನನ್ನ ತಮ್ಮನದು ಎಂದು ಸಭೆಯಲ್ಲಿ ಹೇಳಿದರೆ ನಾನು ಹೊರಗೆ ನಡೆಯಬೇಕು. ಈಗಲೇ ತಿಳಿಸಿ ಎನ್ನುವ ಒಂದೇ ಒಂದು ಮತ ಅಲ್ಲಿಗೆ ಹೋಯಿತು. ಹೇಳದೆ ಮತ ಹಾಕಿದೆ ಅನ್ನು. ನಾಳೆ ಯಾರಿಗಾದರೂ ಗೊತ್ತಾದರೆ ಇಡೀ ನಿರ್ಧಾರವೇ ಬಿದ್ದುಹೋಗುತ್ತದೆ. ‘ಅದೆಲ್ಲಾ ಬಿಡು, ಇವತ್ತ ಖಾನಾಪುರಕ್ಕ ಹೋಗಿ ಅವನ ಕಿವಿಯಾಗ ಹೇಳಿ ಬಾ’ ಎಂದರು ನಮ್ಮ ಯಜಮಾನರು. ಫಲಿತಾಂಶವನ್ನು ತಪಾಸಣೆಗೆ ಬಂದವರಿಗೆ ಹೇಳುವುದಿಲ್ಲವೆಂದು ಸಹಿ ಮಾಡಿ ಕೂತವಳು ನಾನು ಎಂಬುದು ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿನಗೊಬ್ಬನಿಗೆ ಹೇಳಿ ನಿನ್ನನ್ನು ಎಳೆದುಕೊಂಡು ಬಂದರೆ, ನಿನ್ನ ಪಕ್ಕದಲ್ಲಿ ನಿಂತು ಮರಳು ತುಂಬುವವನ ಗತಿಯೇನು? ಸಲಹಾ ಮಂಡಳಿಯಲ್ಲಿ ಅವನಿಗೆ ಅಕ್ಕನಿಲ್ಲ.

ಆದರೂ ಮನಸ್ಸು ತಡೆಯಲಿಲ್ಲ. ಹೋದ ಬುಧವಾರ ಬೆಳಗಿನ ಗಾಡಿ ಹತ್ತಿ ಖಾನಾಪುರಕ್ಕೆ ಬಂದೆ. ಹಂಚಿನ ಡಿಪೋದಲ್ಲಿ ನೀನು ನಿಂತಿದ್ದರೆ, ಆ ಚಿತ್ರ ಬೇರೆ ಯಾರದೋ ಆಗಿದ್ದರೆ ಎಂಬ ಆಸೆ. ಡಿಪೋದವರೆಗೆ ಹೋಗುವುದೇ ಬೇಕಾಗಲಿಲ್ಲ. ಗಾಡಿ ಇಳಿದು ನೋಡಿದರೆ ಬೆಳಗಾವಿಯ ಫೌಂಡ್ರಿಗಳ ಕಡೆ ಹೋಗುವ ಗಾಡಿ ಹಿಡಿಯುವ ಮಂದಿಯ ನಡುವೆ ನೀನಿದ್ದೆ, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಿದ್ದೆ. ನೀನು ಅರ್ಧಕ್ಕೆ ಬಂದು ನಿಂತೆ. ಜೇಬಿನಿಂದ ಫೋನು ತೆಗೆದು ನೋಡಿದಂತೆ ಮಾಡಿದೆ. ನಿನ್ನ ಕಣ್ಣು ಫೋನಿನ ಮೇಲೆ ಇರಲಿಲ್ಲ, ಹೆಗಲು ಏರಿ ಇಳಿಯುತ್ತಿತ್ತು. ನಿನಗಿಂತ ಹಿರಿಯರು ನಿನ್ನನ್ನು ದಾಟಿ ಹೋದರು. ಉಸಿರು ತಿರುಗಿದ ಮೇಲೆ ಮತ್ತೆ ಹತ್ತಿದೆ.

ನಾನು ಕೂಗಲಿಲ್ಲ. ಒಂದು ಸಲ ಕೂಗಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಚಹಾದಂಗಡಿಯ ಹಿಂದೆ ನಿಂತೆ. ನಿನ್ನ ಗಾಡಿ ಹೋಯಿತು. ಅಂಗಡಿಯವಳು “ಕಾಯ್ ಝಾಲಂ ಬಾಯಿ, ಏನಾತ್ರಿ, ಗಾಡಿ ತಪ್ಪಿತೇನ್ರಿ?” ಎಂದು ಕೇಳಿದಳು. ಹೌದು ಅಂದೆ.

ಇನ್ನು ಮೂರು ದಿನಕ್ಕೆ ಸಭೆ. ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಪತ್ರವನ್ನು ಇಲ್ಲಿಗೆ ಮಡಿಸಿಡುತ್ತೇನೆ.

ಗುರುವಾರ, ೧೧ ಸೆಪ್ಟೆಂಬರ್

ತಮ್ಮಾ, ನಿನ್ನೆ ಸಭೆ ಮುಗಿಯಿತು. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಎಲ್ಲರೂ ಕೂತ ಮೇಲೆ ನಾನು ಎದ್ದು ನಿಂತೆ. “ಹಿಂದಿನ ಸಭೆಯಾಗ ನೋಡಿದ ಚಿತ್ರದಾಗ ಒಂದು ನನ್ನ ತಮ್ಮಂದೈತ್ರಿ. ಅಂವಾ ಫೌಂಡ್ರಿ ಬಿಟ್ಟಾನಂತ ಜೂನಿನ್ಯಾಗ ಹೇಳಿದ್ದೆ. ಬಿಟ್ಟಿಲ್ಲ. ನನಗ ಗೊತ್ತಿರಲಿಲ್ಲ” ಅಂದೆ.

ಗುರುಪುತ್ರಪ್ಪನವರು ಕನ್ನಡಕ ತೆಗೆದು ಕೇಳಿದರು, “ಹೆಸರಿಲ್ಲದ ಫಿಲ್ಮು. ನಿಮ್ಮ ತಮ್ಮಂದಂತ ಹೆಂಗ ಹೇಳ್ತೀರಿ?”

“ಎಲುಬಿನ ಮ್ಯಾಲ ಗುರುತು ಹಿಡದೀನ್ರಿ.”

“ಅವತ್ತ ಯಾಕ ಹೇಳಲಿಲ್ಲ?”

“ಅಂಜಿಕಿ ಆತ್ರಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ನೀವು ಹೊರಗ ಕುಂದರಬೇಕಾಗ್ತದ. ಮತ ಇರೂದಿಲ್ಲ” ಅಂದರು. ಅದು ನನಗೆ ಗೊತ್ತಿದ್ದದ್ದೇ. ಒಂದು ಮಾತು ಹೇಳಿ ಹೋಗುತ್ತೇನೆ ಎಂದೆ. ಹೇಳ್ರಿ ಎಂಬಂತೆ ಕೈಯಿಂದ ಸನ್ನೆ ಮಾಡಿದರು.

“ನಾ ನನ್ನ ತಮ್ಮಗ ಹೇಳಿಲ್ರಿ. ಖಾನಾಪುರ ಸ್ಟೇಶನ್ನಿನ್ಯಾಗ ಅಂವಾ ಮೆಟ್ಟಲ ಹತ್ತಲಾರದ ನಿಂತದ್ದು ನೋಡಿ, ಹೇಳದ ಹೊಳ್ಳಿ ಬಂದೀನಿ. ನೀವು ಎರಡು ವರ್ಷ ಹೇಳೂದು ಬ್ಯಾಡ ಅಂತೀರಿ. ನನಗ ಒಂದು ವಾರ ಆಗವಲ್ದು. ಇನ್ನ ಮಿಕ್ಕಿದ್ದು ನಿಮಗ ಬಿಟ್ಟದ್ದು.”

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಹೋಗಿ ಕೂತೆ. ಜಿಟಿಜಿಟಿ ಮಳೆ ಹಿಡಿದಿತ್ತು. ನಾನು ಕೆಟ್ಟ ಕೆಲಸ ಮಾಡಿದೆನೆ? ಇದ್ದೊಂದು ಮತವನ್ನೂ ಕಳೆದೆನೆ? ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರಿಗೆ ತಿಳಿಯುತ್ತಿತ್ತು? ಒಳಗಿನ ದನಿ ಏರುವುದು, ಇಳಿಯುವುದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ರೋಗಿಗಳ ಮನೆಯವರು ನನ್ನ ಕೋಣೆಯ ಹೊರಗೆ ಹೀಗೆಯೇ ಕೂರುತ್ತಿದ್ದರು. ಆ ಬೆಂಚಿನ ಮೇಲೆ ನಾನು ಕೂತದ್ದು ಇದೇ ಮೊದಲು.

ನಡುವೆ ಬಾಗಿಲು ತೆರೆದು ಭರಮಪ್ಪನವರು ಹೊರಗೆ ಬಂದರು. ಯಾವ ಫೌಂಡ್ರಿ ಎಂದು ಕೇಳಿಬಿಡುತ್ತಾರೆ ಎಂದು ಅಂಜಿದೆ. ಮಾಲಕರೆಲ್ಲ ಒಬ್ಬರಿಗೊಬ್ಬರು ಬೇಕಾದವರು, ಒಂದು ಫೋನಿನಲ್ಲಿ ನಿನ್ನ ಕೆಲಸ ಹೋಗಬಹುದು. ಅವರು ಬೆಂಚಿನ ಇನ್ನೊಂದು ತುದಿಗೆ ಕೂತು, “ಅಂಜಬ್ಯಾಡ್ರಿ ಬಾಯಾರ, ಹೆಸರು ಕೇಳಂಗಿಲ್ಲ” ಅಂದರು. ಆಮೇಲೆ ಮಳೆ ನೋಡುತ್ತ ಮೆಲ್ಲಗೆ, “ನಮ್ಮಪ್ಪನ ಕಾಲಕ್ಕ ನಾನೂ ಮರಳಾಗ ನಿಂತಾಂವ. ನಮ್ಮ ಫೌಂಡ್ರಿ ತಪಾಸಣಿಯಿಂದ ಹೊರಗ ಇಟ್ಟದ್ದು ಮಂಡಳಿ ಸಲುವಾಗಿ ಅಂತ ಎಲ್ಲಾರಿಗೂ ಹೇಳೀನಿ. ಖರೇ ಹೇಳಬೇಕಂದ್ರ, ಗಾಡಿ ನಮ್ಮ ಅಂಗಳಕ್ಕ ಬಂದ್ರ ಮಂದಿ ಮೊದಲ ನೀವ ಹತ್ರಿ ಅಂತಿದ್ರು. ನನಗ ಹತ್ತಾಕ ಧೈರ್ಯ ಇಲ್ಲ” ಅಂದರು.

“ಬರ್ರಿ ಒಮ್ಮೆ, ನಾ ನೋಡ್ತೀನಿ” ಅಂದೆ. ಅವರು ಎದ್ದು ಒಳಗೆ ಹೋದರು.

ಕೊನೆಗೆ ಸಮೃದ್ಧಿ ಬಂದು ನನ್ನ ಕೈ ಹಿಡಿದಳು. ಮಂಡಳಿ ಈಗಲೇ ತಿಳಿಸಬೇಕೆಂದು ಸಲಹೆ ಕೊಟ್ಟಿತ್ತು. ಉಳವಪ್ಪನವರು ಮೊದಲು ಬದಲಾದರಂತೆ. “ಇಷ್ಟು ದಿನ ಇವು ನನಗ ತೆನಿ ಇದ್ದಂಗ ಇದ್ದೂವು. ಇನ್ನ ಎಣಸಾಕ ಆಗೂದಿಲ್ಲ. ಲೆಕ್ಕ ಕೆಟ್ಟ್ರ ಕೆಡ್ಲಿ” ಅಂದರಂತೆ. ಭರಮಪ್ಪನವರು ಒಂದು ಷರತ್ತು ಹಾಕಿ ಒಪ್ಪಿದರಂತೆ: ಒಬ್ಬೊಬ್ಬರನ್ನೇ ಕರೆದು ಹೇಳಬೇಕು, ಮಾಲಕರ ಕೈಗೆ ಒಂದು ಹೆಸರೂ ಹೋಗಕೂಡದು. “ನಮ್ಮ ಮಂದಿ ನನಗ ಗೊತ್ತಿಲ್ಲೇನ್ರಿ? ಹೆಸರು ಸಿಕ್ಕ್ರ ಮರುದಿನ ಗೇಟಿನ್ಯಾಗ ನಿಲ್ಲಸ್ತಾರ” ಎಂದು ಅವರೇ ಬರೆಸಿದರಂತೆ. ಗುರುಪುತ್ರಪ್ಪನವರು ಕೊನೆಯವರೆಗೂ ಒಪ್ಪಲಿಲ್ಲ. ತಮ್ಮ ವಿರೋಧವನ್ನು ಬರೆದಿಡಲು ಹೇಳಿ, ಬಹುಮತಕ್ಕೆ ಸಹಿ ಹಾಕಿದರು. ಹೊರಗೆ ಬಂದಾಗ ನನಗೆ ಕೈ ಮುಗಿದು ಹೋದರು. ಮಾಲಕರ ಸಂಘ ಈ ಸಲಹೆಗೆ ಏನನ್ನುತ್ತದೋ, ಕೋರ್ಟಿಗೆ ಹೋಗುತ್ತದೋ, ಅದು ಯಾರಿಗೂ ಗೊತ್ತಿಲ್ಲ.

ನಾನು ಮಂಡಳಿಯಿಂದ ಹೊರಬಂದೆ. “ಪುಸ್ತಿಕೆಯಾಗಿಂದ ನಿಮ್ಮ ಪರಿಚಯ ತಗೀಬೇಕಾಗ್ತದ್ರಿ ಮೇಡಂ” ಎಂದು ಸಮೃದ್ಧಿ ಸಂಕೋಚದಿಂದ ಹೇಳಿದಳು. “ತಗೀವ್ವಾ. ಅದು ಅರ್ಧ ಇತ್ತು. ಫೌಂಡ್ರಿಯವನ ಅಕ್ಕ ಅಂತ ಅದರಾಗ ಇರಲಿಲ್ಲ” ಅಂದೆ.

ಮನೆಗೆ ನೇರ ಬರಲಾಗಲಿಲ್ಲ. ಕೋಟೆಯ ಹತ್ತಿರ ಆಟೋ ಇಳಿದು ಕೆರೆಯ ದಂಡೆಯಲ್ಲಿ ಕೂತೆ. ಗಣಪತಿ ಬಿಟ್ಟ ನೀರಿನ ಮೇಲೆ ಇನ್ನೂ ಹೂವಿನ ಮಾಲೆಗಳು ತೇಲುತ್ತಿದ್ದವು. ಗೆದ್ದೆ ಎಂದು ಅನ್ನಿಸಲಿಲ್ಲ. ಇನ್ನು ನಿನಗೆ ಗೊತ್ತಾಗುತ್ತದೆ. ಅಷ್ಟೇ ತಲೆಯಲ್ಲಿತ್ತು.

ಅವರು ನಿನಗೆ ತಿಳಿಸುವವರೆಗೆ ಈ ಪತ್ರ ನನ್ನ ಕಪಾಟಿನಲ್ಲಿಯೇ ಇರುತ್ತದೆ.

ರವಿವಾರ, ೨೧ ಸೆಪ್ಟೆಂಬರ್

ನಿನ್ನೆ ಚಂದ್ರವ್ವ ಫೋನು ಮಾಡಿದ್ದಳು. ನೀನು ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಡಿದ್ದಾಳೆ, ಅವಳನ್ನು ಬೈಯಬೇಡ. ಗುರುವಾರ ಸಂಸ್ಥೆಯವರು ನಿಮ್ಮಿಬ್ಬರನ್ನೂ ಕರೆಸಿ ಚಿತ್ರ ತೋರಿಸಿ ಎಲ್ಲ ಹೇಳಿದ್ದು, ನೀನು ಮನೆಗೆ ಬಂದು ಕೈಕಾಲು ತೊಳೆದು ಮಕ್ಕಳ ಜೊತೆ ಉಂಡದ್ದು, ಎಲ್ಲ ಹೇಳಿದಳು. ಆಮೇಲೆ, “ಇವತ್ತೂ ಡಬ್ಬಿ ಕಟ್ಟಿಸ್ಕೊಂಡು ಹೋಗ್ಯಾರ್ರಿ ಅಕ್ಕಾರ” ಎಂದು ಅತ್ತಳು.

“ಡಿಪೋದಾಗ ಅದಾನಂತ ನೀನೂ ಹೇಳಿದ್ದೆಲ್ಲವ್ವಾ” ಎಂದು ಕೇಳಿದೆ.

“ಒಂದು ತಿಂಗಳು ಹೋಗಿದ್ರು ಡಿಪೋಕ. ಹಂಚು ಎತ್ತಿ ಇಡೂದು ಕೆಲಸ ಏನು, ಈ ಕೈಗಿ ಅಚ್ಚು ಮಾಡೂದ ಬರೂದು ಅಂತ ಹೊಳ್ಳಿ ಹೋದ್ರು. ಅಕ್ಕಗ ಹೇಳಿದ್ರ ಬಿಡಸ್ತಾಳ, ಹೇಳಬ್ಯಾಡ ಅಂತ ನನಗ ಆಣಿ ಹಾಕಿದ್ರು.”

ಬಾಳೇಶಾ, ನಾನು ಸಿಟ್ಟಿಗೆದ್ದಿಲ್ಲ. ಸಮೃದ್ಧಿ ಕಸುಬಿನ ಹಿನ್ನೆಲೆಯ ಆ ಪ್ರಶ್ನೆಯನ್ನು ನಿನಗೆ ಕೇಳಿದ್ದರೆ ನೀನು ಏನು ಬರೆಸುತ್ತಿದ್ದೆ ಎಂದು ಯೋಚಿಸಿದೆ. ಒಮ್ಮೆ ಮಾರುಕಟ್ಟೆಯಲ್ಲಿ ನೀರೆತ್ತುವ ಪಂಪೊಂದರ ಮುಂದೆ ನಿಂತು ಅದರ ಮೈ ಸವರಿ, ‘ಇದರ ಅಚ್ಚು ನಂದು, ಒಂದು ಕೂದಲ ಸೀಳು ಇಲ್ಲ ನೋಡು’ ಎಂದು ತೋರಿಸಿದ್ದೆಯಲ್ಲ. ಅಂಥ ಕೈಗೆ ಹಂಚು ಎತ್ತು ಎನ್ನುವುದು ಕಷ್ಟವೆಂದು ನನಗೆ ತಿಳಿಯುತ್ತದೆ. ಆದರೆ ಆ ಕೈಗೆ ಉಸಿರು ಬೇಕು.

ಈಗ ಅಕ್ಕನಾಗಿ ಅಲ್ಲ, ಡಾಕ್ಟರಾಗಿ ಹೇಳುತ್ತೇನೆ, ಕೇಳು. ಎದೆಯಲ್ಲಿ ಕೂತ ಚುಕ್ಕೆ ಹೋಗುವುದಿಲ್ಲ, ಆದರೆ ಇಲ್ಲಿಗೆ ಮರಳು ಬಿಟ್ಟರೆ ಅದು ಬೆಳೆಯದೆ ನಿಲ್ಲುವ ಆಸೆ ಇದೆ. ನಿಲ್ಲುತ್ತದೆ ಎಂದು ಖಾತ್ರಿ ಕೊಡಲಾರೆ. ಈ ಧೂಳು ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ, ಅದಕ್ಕೆ ಕಫದ ಪರೀಕ್ಷೆ ಆಗಲೇಬೇಕು. ಮುಖಕ್ಕೆ ಕಟ್ಟಿಕೊಳ್ಳುವ ಟವೆಲಿನಿಂದ ಏನೂ ಆಗುವುದಿಲ್ಲ. ನಿನ್ನ ಜೊತೆ ಕೆಲಸ ಮಾಡುವ ತಮ್ಮಣ್ಣನನ್ನೂ ಕರೆದಿದ್ದಾರೆಂದು ಚಂದ್ರವ್ವ ಹೇಳಿದಳು. ಅವನು ಅಂಜಿ ಹೋಗಿಲ್ಲವಂತೆ. ಅವನನ್ನು ನೀನೇ ಕರೆದುಕೊಂಡು ಹೋಗು. ಹೆಸರು ಮಾಲಕರಿಗೆ ಹೋಗುವುದಿಲ್ಲವೆಂದು ಅವನಿಗೆ ಹೇಳು.

ಭರಮಪ್ಪನವರು ಸಮೃದ್ಧಿಯ ಕಡೆಯಿಂದ ಒಂದು ಮಾತು ಹೇಳಿಕಳಿಸಿದ್ದಾರೆ. ತಮ್ಮಲ್ಲಿ ಅಚ್ಚಿಗೆ ಬೇಕಾದ ಕಟ್ಟಿಗೆಯ ಮಾದರಿ ಮಾಡುವ ವಿಭಾಗ ಬೇರೆ ಕಟ್ಟಡದಲ್ಲಿದೆ, ಅಲ್ಲಿ ಮರಳಿಲ್ಲ, ಅಚ್ಚಿನ ಕೆಲಸ ಬಲ್ಲ ಒಬ್ಬಿಬ್ಬರು ಬೇಕು, ಯಾರಾದರೂ ತಾವಾಗಿ ಬಂದರೆ ಏನೂ ಕೇಳದೆ ತೆಗೆದುಕೊಳ್ಳುತ್ತೇನೆ ಎಂದು. ಒಬ್ಬಿಬ್ಬರಿಗೆ ಆಯಿತು, ಉಳಿದವರಿಗೆ? ಹೋಗುವುದು ಬಿಡುವುದು ನಿನ್ನ ಇಚ್ಛೆ. ಈ ಸಲ ನಾನು ಬಿಡಿಸುವುದಿಲ್ಲ. ಕೇಳಿಕೊಳ್ಳುತ್ತೇನೆ ಅಷ್ಟೆ.

ಮುಂದಿನ ರವಿವಾರ ಬೆಳಗಿನ ಗಾಡಿಗೆ ಬರುತ್ತೇನೆ. ನೀನು ಸ್ಟೇಶನ್ನಿಗೆ ಬರಬೇಡ, ಆ ಮೆಟ್ಟಿಲು ಹತ್ತಬೇಡ. ಮನೆಯಲ್ಲಿಯೇ ಇರು. ಚಂದ್ರವ್ವನಿಗೆ ಜೋಳದ ರೊಟ್ಟಿ ಬಡಿಯಲು ಹೇಳು, ಪಲ್ಯ ನಾನು ತರುತ್ತೇನೆ. ಮಕ್ಕಳಿಗೆ ಮುತ್ತು. ನಮ್ಮ ಮನೆದೇವರು ಮೈಲಾರಲಿಂಗ ನಿನ್ನ ಬೆನ್ನಿಗಿರಲಿ, ನಿನ್ನ ಉಸಿರು ದೊಡ್ಡದಾಗಲಿ.

ನಿನ್ನ ಅಕ್ಕ,
ಪದ್ಮವ್ವ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದಿದ್ದೇನೆ. ನಿನಗೆ ಕೆಮ್ಮು ಹತ್ತಿ ವರ್ಷದ ಮೇಲಾಯಿತಂತೆ. ಪಂಚಮಿಗೆ ನೀನು ನನ್ನನ್ನು ಕರೆಯಲು ಬಂದಾಗ ಎರಡು ದಿನ ನಮ್ಮ ಮನೆಯಲ್ಲಿದ್ದೆ, ಒಂದು ಸಲವೂ ಕೆಮ್ಮಲಿಲ್ಲ. ದವಡೆಯಲ್ಲಿ ಲವಂಗ ಹಿಡಿದುಕೊಂಡೇ ಇದ್ದೆಯಂತೆ, ತಡೆಯಲಾಗದಿದ್ದಾಗ ಫೋನು ಬಂತೆಂದು ರಸ್ತೆಗೆ ಹೋಗುತ್ತಿದ್ದೆಯಂತೆ. ‘ಸದ್ದು ಕೇಳಿದ್ರ ಸಾಕು, ಅಕ್ಕಗ ಗೊತ್ತಾಗ್ತದ’ ಎಂದು ಚಂದ್ರವ್ವನಿಗೆ ಹೇಳಿದ್ದೆಯಂತೆ. ಅಷ್ಟು ಕೆಮ್ಮು ನುಂಗಲು ಎಷ್ಟು ಕಷ್ಟವಾಗುತ್ತದೆಂಬುದು ನನ್ನಷ್ಟು ಯಾರಿಗೆ ಗೊತ್ತು? ಹೆಸರೂ ಗೊತ್ತಿಲ್ಲದ ಎಷ್ಟೋ ಮಂದಿ ನನ್ನ ಮುಂದೆ ಕೂತು ಕೆಮ್ಮಿ ಹೋದರು. ನೀನು, ನನ್ನ ಕೈಯಲ್ಲಿ ಬೆಳೆದವನು, ಗೇಟಿನ ಆಚೆ ಹೋಗಿ ಕೆಮ್ಮಿ ಬಂದೆ. ರವಿವಾರ ನಾನು ಬಂದಾಗ ಕೆಮ್ಮು ಬಂದರೆ ಕೆಮ್ಮು, ಬಾಳೇಶಾ. ನನ್ನ ಮುಂದೆಯೇ ಕೆಮ್ಮು.